ಕಿರುಫಿರಂಗಿ: ಆಟಿಕೆಯೊಳಗಿನ ಇತಿಹಾಸ

ವಿಜಯಪುರದ ಕೋಟೆಯ ಷೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ಶಾಲಾ ಪ್ರವಾಸದಲ್ಲಿ ನೋಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಸುಮಾರು 4.45 ಮೀಟರ್ ಉದ್ದ, 70 ಸೆಂಟಿಮೀಟರ್ ಅಗಲದ ಬಾಯಿ, ಸುಮಾರು 55 ಟನ್ ತೂಕ. 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ಎರಕದ ಉಸ್ತಾದನು ಇದನ್ನು ತಯಾರಿಸಿದನು. 17ನೇ ಶತಮಾನದಲ್ಲಿ ಆದಿಲ್‌ಶಾಹಿಗಳ ಕಾಲದಲ್ಲಿ ಅದು ವಿಜಯಪುರಕ್ಕೆ ಬಂತು. ಜಗತ್ತಿನ ಅತಿ ದೊಡ್ಡ ಎರಕದ ತೋಪುಗಳಲ್ಲಿ ಒಂದು ಎಂಬ ಹೆಮ್ಮೆ ಇದಕ್ಕಿದೆ. ಆದರೆ 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಇದೇ ತೋಪನ್ನು ಹರಾಜಿಗೆ ಇಟ್ಟಾಗ ಅದಕ್ಕೆ ಬಂದ ಬೆಲೆ ಕೇವಲ 150 ರೂಪಾಯಿ! ಪುಣ್ಯಕ್ಕೆ ಆ ಮಾರಾಟ ರದ್ದಾಯಿತು. ಇಲ್ಲದಿದ್ದರೆ ಅದು ಎಂದೋ ಕರಗಿ ಪಾತ್ರೆ ಪಗಡಿಯಾಗುತ್ತಿತ್ತು.

ಇಷ್ಟು ದೊಡ್ಡ ತೋಪುಗಳ ನಾಡಿನಲ್ಲಿ ಇರುವ ನಮಗೆ, ಕೈಯಲ್ಲಿ ಎತ್ತಿಕೊಳ್ಳಬಹುದಾದ ಪುಟ್ಟ ಫಿರಂಗಿಯ ಬಗ್ಗೆ ಹೇಳಿದರೆ ನಗು ಬರಬಹುದು. ಆದರೆ ಅಮೆರಿಕ, ಇಂಗ್ಲೆಂಡ್ ಮುಂತಾದ ದೇಶಗಳಲ್ಲಿ ಹಳೆಯ ಕಾಲದ ಫಿರಂಗಿಗಳನ್ನು ಅರ್ಧ, ಮೂರನೇ ಒಂದು, ಆರನೇ ಒಂದು ಅಳತೆಗೆ ಇಳಿಸಿ, ಮೂಲದಂತೆಯೇ ತಯಾರಿಸಿ, ಮದ್ದು ತುಂಬಿ ಹಾರಿಸುವುದು ಒಂದು ಗಂಭೀರವಾದ ಹವ್ಯಾಸವಾಗಿದೆ. ಮೇಲ್ನೋಟಕ್ಕೆ ಇದು ದೊಡ್ಡವರ ಮಕ್ಕಳಾಟ. ಆಳವಾಗಿ ನೋಡಿದರೆ ಇದರ ಹಿಂದೆ ಸುಮಾರು ನಾಲ್ಕು ಶತಮಾನಗಳ ವಿಜ್ಞಾನ, ಕುಶಲಕಲೆ ಮತ್ತು ಶಿಸ್ತಿನ ಇತಿಹಾಸವಿದೆ. ಆ ಇತಿಹಾಸದ ಒಂದೆರಡು ಎಳೆಗಳು ನಮ್ಮ ದಕ್ಷಿಣ ಭಾರತಕ್ಕೂ ಬಂದು ಸೇರುತ್ತವೆ.

ಹವ್ಯಾಸದ ಸ್ವರೂಪ

ಅಮೆರಿಕದಲ್ಲಿ 1861ರಿಂದ 1865ರವರೆಗೆ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಭೀಕರ ಅಂತರ್ಯುದ್ಧ ನಡೆಯಿತು. ಆ ಯುದ್ಧದ ಕಾಲದ ಬಂದೂಕು ಮತ್ತು ಫಿರಂಗಿಗಳನ್ನು ಗುರಿಯ ಮೇಲೆ ಹಾರಿಸಿ ಸ್ಪರ್ಧೆ ನಡೆಸುವ ಸಲುವಾಗಿ 1950ರಲ್ಲಿ ನಾರ್ತ್-ಸೌತ್ ಸ್ಕರ್ಮಿಶ್ ಅಸೋಸಿಯೇಷನ್ ಎಂಬ ಸಂಸ್ಥೆ ಹುಟ್ಟಿತು. ವರ್ಜೀನಿಯಾ ರಾಜ್ಯದ ವಿಂಚೆಸ್ಟರ್ ಬಳಿ ಅದರ ಗುಂಡು ಹಾರಿಸುವ ಮೈದಾನವಿದೆ. 1961ರಿಂದ 1965ರವರೆಗೆ ಅಂತರ್ಯುದ್ಧದ ಶತಮಾನೋತ್ಸವ ನಡೆದಾಗ ಜನರಲ್ಲಿ ಹಳೆಯ ತೋಪುಗಳ ಬಗ್ಗೆ ಆಸಕ್ತಿ ಇನ್ನೂ ಹೆಚ್ಚಿತು.

ಆದರೆ ಪೂರ್ಣ ಅಳತೆಯ ಫಿರಂಗಿ ಎಲ್ಲರ ಕೈಗೆಟಕುವಂಥದ್ದಲ್ಲ. ಆ ಯುದ್ಧದಲ್ಲಿ ಹೆಸರಾದ, ನೆಪೋಲಿಯನ್ ಎಂದು ಕರೆಯಲ್ಪಡುವ 12 ಪೌಂಡಿನ ಕಂಚಿನ ತೋಪಿನ ನಳಿಕೆ ಒಂದೇ 1200 ಪೌಂಡಿಗಿಂತ ಹೆಚ್ಚು, ಅಂದರೆ 550 ಕಿಲೋಗ್ರಾಂ ತೂಗುತ್ತದೆ. ಗಾಡಿ, ಚಕ್ರ, ಸಾಗಣೆ ಎಲ್ಲ ಸೇರಿದರೆ ಅದು ಶ್ರೀಮಂತರಿಗೆ ಮಾತ್ರ ಸಾಧ್ಯ. ಹೀಗಾಗಿ ಲೇತ್ ಯಂತ್ರದ ಕೆಲಸ ಬಲ್ಲವರು, ಬಡಗಿ ಕೆಲಸ ಗೊತ್ತಿದ್ದವರು, ನಿವೃತ್ತ ಎಂಜಿನಿಯರುಗಳು ತಮ್ಮ ಮನೆಯ ಹಿಂದಿನ ಕಾರ್ಖಾನೆಯಲ್ಲೇ ಚಿಕ್ಕ ಅಳತೆಯ ಫಿರಂಗಿಗಳನ್ನು ಮಾಡತೊಡಗಿದರು. ಹಳೆಯ ಸೈನ್ಯದ ನಕ್ಷೆಗಳನ್ನು ನೋಡಿ ನಳಿಕೆ, ಗಾಡಿ, ಚಕ್ರದ ಅರೆಕಾಲು, ಕಬ್ಬಿಣದ ಪಟ್ಟಿ, ಮೊಳೆ ಎಲ್ಲವನ್ನೂ ಅನುಪಾತದಲ್ಲಿ ಇಳಿಸಿ ತಯಾರಿಸುವುದು ಇವರ ಕ್ರಮ.

ಇವುಗಳಲ್ಲಿ ಬಹು ಜನಪ್ರಿಯವಾದದ್ದು ಕೂಹೋರ್ನ್ ಮಾರ್ಟರ್. ಹಾಲೆಂಡಿನ ಕೋಟೆ ತಜ್ಞ ಮೆನ್ನೊ ವಾನ್ ಕೂಹೋರ್ನ್ 1674ರಲ್ಲಿ ಗ್ರಾವೆ ಎಂಬ ಊರಿನ ಮುತ್ತಿಗೆಯ ಸಮಯದಲ್ಲಿ ಈ ಗಿಡ್ಡ ಫಿರಂಗಿಯನ್ನು ಬಳಕೆಗೆ ತಂದನು. ಮರದ ದಿಮ್ಮಿಯ ಮೇಲೆ ಕೂರಿಸಿದ ಕುಳ್ಳು ನಳಿಕೆ ಗುಂಡನ್ನು ನೇರವಾಗಿ ಎಸೆಯದೆ ಮೇಲಕ್ಕೆ ಎಸೆದು ಗೋಡೆಯ ಆಚೆ ಬೀಳಿಸುತ್ತದೆ. ನಾಲ್ಕು ಜನ ಹಿಡಿಕೆ ಹಿಡಿದು ಹೊತ್ತೊಯ್ಯಬಹುದು. ಹವ್ಯಾಸಿಗಳು ಇದರ ಸಣ್ಣ ಮಾದರಿ ಮಾಡಿ, ಅದರಿಂದ ಗಾಲ್ಫ್ ಚೆಂಡನ್ನು ಹಾರಿಸಿ, ದೂರದಲ್ಲಿ ನೆಟ್ಟ ಗೂಟದ ಹತ್ತಿರ ಯಾರದು ಬೀಳುತ್ತದೆ ಎಂದು ಪಂದ್ಯ ಕಟ್ಟುತ್ತಾರೆ.

ರಾಜಕುಮಾರನ ಆಟ, ಸೈನ್ಯದ ಪಾಠ

ಕಿರುಫಿರಂಗಿ ಇಂದು ನಿನ್ನೆಯದಲ್ಲ. ಯುರೋಪಿನ ರಾಜಮನೆತನಗಳಲ್ಲಿ ರಾಜಕುಮಾರರಿಗೆ ಯುದ್ಧವಿದ್ಯೆ ಕಲಿಸಲು ಚಿಕ್ಕ ತೋಪುಗಳನ್ನು ಮಾಡಿಸಿಕೊಡುತ್ತಿದ್ದರು. ಇದಕ್ಕೆ ಅತ್ಯಂತ ಪ್ರಸಿದ್ಧ ಉದಾಹರಣೆ ರಷ್ಯದ ಪೀಟರ್ ಮಹಾಶಯ. 1672ರಲ್ಲಿ ಹುಟ್ಟಿದ ಪೀಟರ್, ಹುಡುಗನಾಗಿದ್ದಾಗ ಮಾಸ್ಕೋ ಬಳಿಯ ಪ್ರಿಯೊಬ್ರಜೆನ್ಸ್ಕೊಯೆ ಎಂಬ ಹಳ್ಳಿಯಲ್ಲಿ ತನ್ನ ಓರಗೆಯ ಹುಡುಗರನ್ನು ಸೇರಿಸಿ ಒಂದು ಆಟದ ಸೈನ್ಯ ಕಟ್ಟಿದನು. ಮೊದಲು ಮರದ ತೋಪು, ನಂತರ ನಿಜವಾಗಿಯೂ ಹಾರುವ ಸಣ್ಣ ತೋಪು, ಬಳಿಕ ನದಿಯ ದಡದಲ್ಲಿ ಒಂದು ಆಟದ ಕೋಟೆ. ರಾಜಕುಮಾರನಾಗಿದ್ದರೂ ಅವನು ಸಾಮಾನ್ಯ ತೋಪುಗಾರನ ಕೆಲಸದಿಂದಲೇ ಕಲಿಯಲು ಶುರು ಮಾಡಿದನು. ಈ ಆಟದ ಪಡೆಗಳೇ ಮುಂದೆ ರಷ್ಯದ ಸೈನ್ಯದ ಅತಿ ಹೆಮ್ಮೆಯ ಎರಡು ರೆಜಿಮೆಂಟುಗಳಾದವು.

1700ರಲ್ಲಿ ನಾರ್ವಾ ಯುದ್ಧದಲ್ಲಿ ಪೀಟರ್ ಸ್ವೀಡನ್ ದೇಶದ ಎದುರು ಸೋತು ತನ್ನ ತೋಪುಗಳನ್ನೆಲ್ಲ ಕಳೆದುಕೊಂಡನು. ಆಗ ಅವನು ಚರ್ಚುಗಳ ಗಂಟೆಗಳನ್ನು ಇಳಿಸಿ ಕರಗಿಸಿ ಹೊಸ ತೋಪು ಎರಕ ಹೊಯ್ಯಿಸಿದನು. ಅಷ್ಟಕ್ಕೇ ನಿಲ್ಲದೆ 1701ರಲ್ಲಿ ಮಾಸ್ಕೋದಲ್ಲಿ ಗಣಿತ ಮತ್ತು ನೌಕಾಶಾಸ್ತ್ರದ ಶಾಲೆಯನ್ನು ತೆರೆದನು. 1709ರಲ್ಲಿ ಪೊಲ್ಟಾವಾದಲ್ಲಿ ಅದೇ ಸ್ವೀಡನ್ನಿನ ಸೈನ್ಯವನ್ನು ಸೋಲಿಸಿದನು. ಸೋತವನು ಮೊದಲು ಶಾಲೆ ತೆರೆದನು ಎಂಬುದು ಗಮನಿಸಬೇಕಾದ ಸಂಗತಿ.

ಫ್ರಾನ್ಸ್ ಮತ್ತು ಇಂಗ್ಲೆಂಡಿನಲ್ಲಿ ಕಿರುಫಿರಂಗಿ ಪಾಠದ ಉಪಕರಣವಾಯಿತು. ದೊಡ್ಡ ತೋಪನ್ನು ತರಗತಿಯೊಳಗೆ ತರಲು ಆಗುವುದಿಲ್ಲ. ಆದ್ದರಿಂದ ಹೊಸ ವಿನ್ಯಾಸವನ್ನು ಮೊದಲು ಚಿಕ್ಕ ಮಾದರಿಯಲ್ಲಿ ಮಾಡಿ, ಅಧಿಕಾರಿಗಳಿಗೆ ತೋರಿಸಿ, ಬಿಚ್ಚಿ ಜೋಡಿಸಿ ಕಲಿಸುತ್ತಿದ್ದರು. ಪ್ಯಾರಿಸ್ಸಿನ ಸೇನಾ ವಸ್ತುಸಂಗ್ರಹಾಲಯದಲ್ಲಿ ಇಂಥ ಮಾದರಿಗಳ ದೊಡ್ಡ ಸಂಗ್ರಹವೇ ಇದೆ. ಲಂಡನ್ ಬಳಿಯ ವೂಲಿಚ್‌ನಲ್ಲಿ 1778ರಲ್ಲಿ ವಿಲಿಯಂ ಕಾಂಗ್ರೀವ್ ಎಂಬ ಸೇನಾಧಿಕಾರಿ ಒಂದು ತರಬೇತಿ ಭಂಡಾರವನ್ನು ಸ್ಥಾಪಿಸಿದನು. ಅಲ್ಲಿಯೂ ಮಾದರಿ ತೋಪುಗಳು ಶೇಖರವಾದವು. ಈ ವೂಲಿಚ್ ಎಂಬ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮೈಸೂರಿನ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಅಳತೆ ಇಳಿದಾಗ ಏನಾಗುತ್ತದೆ?

ಒಂದು ವಸ್ತುವನ್ನು ಅರ್ಧ ಅಳತೆಗೆ ಇಳಿಸಿದರೆ ಅದರ ತೂಕವೂ ಅರ್ಧವಾಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಅದು ತಪ್ಪು. ಉದ್ದ, ಅಗಲ, ಎತ್ತರ ಮೂರೂ ಅರ್ಧವಾಗುವುದರಿಂದ ತೂಕ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಮೇಲ್ಮೈ ಮಾತ್ರ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಈ ತತ್ವವನ್ನು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಕೊನೆಯ ದೊಡ್ಡ ಗ್ರಂಥದಲ್ಲಿ ವಿವರಿಸಿದ್ದಾನೆ.

ನಮ್ಮ ಮಲಿಕ್-ಎ-ಮೈದಾನ್ ತೋಪಿಗೇ ಇದನ್ನು ಅನ್ವಯಿಸಿ ನೋಡೋಣ. ಅದೇ ಲೋಹದಲ್ಲಿ ಅರ್ಧ ಅಳತೆಯ ಮಾದರಿ ಮಾಡಿದರೆ ಅದರ ತೂಕ 55 ಟನ್ನಿನ ಎಂಟನೇ ಒಂದು, ಅಂದರೆ ಸುಮಾರು 7 ಟನ್. ಹತ್ತನೇ ಒಂದು ಅಳತೆಯಲ್ಲಿ ಮಾಡಿದರೆ ಉದ್ದ ಸುಮಾರು 45 ಸೆಂಟಿಮೀಟರ್, ಬಾಯಿ 7 ಸೆಂಟಿಮೀಟರ್. ತೂಕ ಮಾತ್ರ ಸಾವಿರದ ಒಂದು ಪಾಲಿಗೆ ಇಳಿದು ಸುಮಾರು 55 ಕಿಲೋಗ್ರಾಂ ಆಗುತ್ತದೆ. ಮೇಜಿನ ಮೇಲೆ ಇಡಬಹುದಾದ ವಸ್ತು. ಆದರೆ ಒಬ್ಬರೇ ಎತ್ತುವುದು ಕಷ್ಟ. ಘನ ಮತ್ತು ವರ್ಗದ ಲೆಕ್ಕವನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಹಾರುವ ಗುಂಡಿಗೂ ಇದೇ ನಿಯಮ. ಅರ್ಧ ಅಳತೆಯ ಗುಂಡಿನ ತೂಕ ಎಂಟನೇ ಒಂದಾದರೆ, ಗಾಳಿಗೆ ಎದುರಾಗುವ ಅದರ ಮುಖ ನಾಲ್ಕನೇ ಒಂದು ಮಾತ್ರ. ಎಂದರೆ ತೂಕಕ್ಕೆ ಹೋಲಿಸಿದರೆ ಗಾಳಿಯ ತಡೆ ಎರಡು ಪಟ್ಟು. ಅದೇ ವೇಗದಲ್ಲಿ ಹೊರಟರೂ ಸಣ್ಣ ಗುಂಡು ಬೇಗ ಸುಸ್ತಾಗುತ್ತದೆ.

ಗಾಳಿಯ ಈ ತಡೆಯನ್ನು ಮೊದಲು ಸರಿಯಾಗಿ ಅಳೆದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. 1707ರಲ್ಲಿ ಬಾತ್ ಎಂಬ ಊರಿನಲ್ಲಿ ಹುಟ್ಟಿದ ಈತ ಗಣಿತವನ್ನು ಬಹುಮಟ್ಟಿಗೆ ಸ್ವಂತವಾಗಿ ಕಲಿತವನು. ಅಲ್ಲಿಯವರೆಗೆ ಪಂಡಿತರು ಗುಂಡಿನ ದಾರಿಯನ್ನು ಕಾಗದದ ಮೇಲೆ ಲೆಕ್ಕ ಹಾಕುತ್ತಿದ್ದರು. ಭಾರವಾದ ಗುಂಡಿಗೆ ಗಾಳಿ ಏನು ಮಾಡೀತು ಎಂದು ತಿಳಿದಿದ್ದರು. ರಾಬಿನ್ಸ್ ದೊಡ್ಡ ತೋಪಿನ ಗೋಜಿಗೆ ಹೋಗಲಿಲ್ಲ. ಸಣ್ಣ ಬಂದೂಕಿನ ಗುಂಡನ್ನೇ ತೆಗೆದುಕೊಂಡನು. ಒಂದು ಕಬ್ಬಿಣದ ಚೌಕಟ್ಟಿಗೆ ಮರದ ದಿಮ್ಮಿ ಕಟ್ಟಿ, ಅದನ್ನು ಗಡಿಯಾರದ ಲೋಲಕದಂತೆ ತೂಗಬಿಟ್ಟನು. ಗುಂಡು ದಿಮ್ಮಿಗೆ ಹೊಕ್ಕಾಗ ಅದು ಎಷ್ಟು ಹಿಂದಕ್ಕೆ ತೂಗುತ್ತದೆ ಎಂಬುದನ್ನು ಒಂದು ರಿಬ್ಬನ್ ಪಟ್ಟಿಯಿಂದ ಅಳೆದನು. ದಿಮ್ಮಿಯ ತೂಕ, ಗುಂಡಿನ ತೂಕ, ತೂಗಿದ ದೂರ ಗೊತ್ತಿದ್ದರೆ ಗುಂಡಿನ ವೇಗ ಲೆಕ್ಕಕ್ಕೆ ಸಿಗುತ್ತದೆ.

ಬೇರೆ ಬೇರೆ ದೂರದಲ್ಲಿ ದಿಮ್ಮಿಯನ್ನು ಇಟ್ಟು ಪ್ರಯೋಗ ಮಾಡಿದಾಗ ವಿಸ್ಮಯದ ಸಂಗತಿ ಹೊರಬಂತು. ಅತಿ ವೇಗದ ಗುಂಡಿನ ಮೇಲೆ ಗಾಳಿಯ ತಡೆ, ಗುಂಡಿನ ಸ್ವಂತ ತೂಕಕ್ಕಿಂತ ನೂರು ಪಟ್ಟಿಗೂ ಮೀರಿ ಇತ್ತು! ಶತಮಾನದ ಲೆಕ್ಕಾಚಾರ ಒಂದು ಮರದ ದಿಮ್ಮಿಯ ಎದುರು ಕುಸಿದುಬಿತ್ತು. 1742ರಲ್ಲಿ ರಾಬಿನ್ಸ್ ತನ್ನ ಗ್ರಂಥವನ್ನು ಪ್ರಕಟಿಸಿದನು. 1745ರಲ್ಲಿ ಮಹಾಗಣಿತಜ್ಞ ಆಯ್ಲರ್ ಅದನ್ನು ಜರ್ಮನ್ ಭಾಷೆಗೆ ತಂದು ವಿಸ್ತಾರವಾದ ಟಿಪ್ಪಣಿ ಬರೆದನು.

ಈ ರಾಬಿನ್ಸ್ ಕೊನೆಯುಸಿರು ಎಳೆದದ್ದು ನಮ್ಮ ದಕ್ಷಿಣ ಭಾರತದಲ್ಲಿ. ಈಸ್ಟ್ ಇಂಡಿಯಾ ಕಂಪನಿ ಅವನನ್ನು ಕೋಟೆಗಳ ಎಂಜಿನಿಯರನಾಗಿ ಇಲ್ಲಿಗೆ ಕಳುಹಿಸಿತ್ತು. 1751ರಲ್ಲಿ ಕಡಲೂರಿನ ಸಮೀಪದ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡನು. ಅವನು ರೂಪಿಸಿದ ತೂಗುದಿಮ್ಮಿಯ ಪ್ರಯೋಗ ಇಂದಿಗೂ ಕಾಲೇಜುಗಳ ಭೌತಶಾಸ್ತ್ರದ ಪಾಠದಲ್ಲಿ ಇದೆ. ಅದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ಅದರ ಕರ್ತೃ ಇಲ್ಲಿಯೇ ಮಣ್ಣಾದನೆಂಬುದನ್ನೂ ತಿಳಿದುಕೊಳ್ಳಲಿ.

ಎರಕದ ಸಂಕಟ

ಎಲ್ಲವೂ ಅನುಪಾತದಲ್ಲಿ ಇಳಿಯುವುದಿಲ್ಲ ಎಂಬುದು ಕಿರುಫಿರಂಗಿ ಕಲಿಸುವ ಇನ್ನೊಂದು ಪಾಠ. ಮದ್ದಿನ ಹರಳು ಚಿಕ್ಕದಾಗುವುದಿಲ್ಲ. ಎರಕದಲ್ಲಿ ಸೇರಿಕೊಂಡ ಗಾಳಿಗುಳ್ಳೆ ಚಿಕ್ಕದಾಗುವುದಿಲ್ಲ. 40 ಸೆಂಟಿಮೀಟರ್ ದಪ್ಪದ ಗೋಡೆಯಲ್ಲಿ 2 ಮಿಲಿಮೀಟರ್ ಪೊಳ್ಳು ಇದ್ದರೆ ಅದು ಲೆಕ್ಕಕ್ಕಿಲ್ಲ. ಗೋಡೆಯೇ 10 ಮಿಲಿಮೀಟರ್ ಇದ್ದಾಗ ಅದೇ ಪೊಳ್ಳು ಐದನೇ ಒಂದು ಪಾಲನ್ನು ತಿಂದುಹಾಕುತ್ತದೆ. ಆದ್ದರಿಂದ ಸಣ್ಣದು ಎಂದ ಮಾತ್ರಕ್ಕೆ ಅಪಾಯ ಸಣ್ಣದಲ್ಲ. ತಿಳಿದ ಹವ್ಯಾಸಿಗಳು ಎರಕದ ನಳಿಕೆಯೊಳಗೆ ಬೆಸುಗೆಯಿಲ್ಲದ ಗಟ್ಟಿ ಉಕ್ಕಿನ ಕೊಳವೆ ಕೂರಿಸುವುದು ಈ ಕಾರಣಕ್ಕೇ.

ಎರಕದ ಕಷ್ಟ ಎಂಥದ್ದು ಎಂಬುದಕ್ಕೆ ಬಾಬರನ ಆತ್ಮಚರಿತ್ರೆಯಲ್ಲಿ ಒಂದು ಮನಮುಟ್ಟುವ ಪ್ರಸಂಗವಿದೆ. 1526ರಲ್ಲಿ ಪಾಣಿಪತ್ ಯುದ್ಧ ಗೆದ್ದ ಕೆಲವು ತಿಂಗಳ ನಂತರ ಆಗ್ರಾದಲ್ಲಿ ಉಸ್ತಾದ್ ಅಲಿ ಕುಲಿ ಒಂದು ದೊಡ್ಡ ತೋಪನ್ನು ಎರಕ ಹೊಯ್ಯಲು ಹೊರಟನು. ಅಚ್ಚಿನ ಸುತ್ತ ಎಂಟು ಕುಲುಮೆಗಳು. ಪ್ರತಿಯೊಂದರಿಂದಲೂ ಕರಗಿದ ಲೋಹ ಕಾಲುವೆಯಲ್ಲಿ ಹರಿದು ಅಚ್ಚಿಗೆ ಬರಬೇಕು. ಬಾಬರ್ ಸ್ವತಃ ನೋಡಲು ಬಂದಿದ್ದನು. ಲೋಹ ಹರಿಯಿತು, ಆದರೆ ಅಚ್ಚು ತುಂಬುವ ಮೊದಲೇ ನಿಂತುಹೋಯಿತು. ಅವಮಾನ ತಾಳಲಾರದೆ ಉಸ್ತಾದನು ಕುದಿಯುವ ಲೋಹಕ್ಕೇ ಹಾರಿಬಿಡುವನೇನೋ ಎಂಬಷ್ಟು ಕುಗ್ಗಿಹೋದನು. ಬಾದಶಹನು ಅವನನ್ನು ಗದರಿಸಲಿಲ್ಲ. ಸಮಾಧಾನ ಮಾಡಿ ಗೌರವದ ಉಡುಪು ಕೊಟ್ಟನು. ಒಂದೆರಡು ದಿನ ಕಳೆದು ಅಚ್ಚು ಒಡೆದು ನೋಡಿದರೆ ತೋಪಿನ ಗುಂಡು ಕೂರುವ ಮುಖ್ಯ ಭಾಗ ನಿರ್ದೋಷವಾಗಿತ್ತು. ಉಸ್ತಾದನು ಸಂತೋಷದಿಂದ ಉಳಿದ ಮದ್ದಿನ ಕೋಣೆಯನ್ನು ಬೇರೆಯಾಗಿ ಮಾಡಲು ತೊಡಗಿದನು. ಕುಶಲಕರ್ಮಿಗೆ ಸೋಲಿನ ಹೊತ್ತಿನಲ್ಲಿ ಸಿಕ್ಕ ಮರ್ಯಾದೆಯಿಂದ ಕೆಲಸ ಪೂರ್ತಿಯಾಯಿತು.

ಎಲ್ಲರಿಗೂ ಇಂಥ ಅದೃಷ್ಟ ಇರಲಿಲ್ಲ. 1460ರಲ್ಲಿ ಸ್ಕಾಟ್ಲೆಂಡಿನ ದೊರೆ ಎರಡನೇ ಜೇಮ್ಸ್, ರಾಕ್ಸ್‌ಬರೋ ಕೋಟೆಯ ಮುತ್ತಿಗೆಯಲ್ಲಿ ತನ್ನದೇ ತೋಪು ಸಿಡಿದು ಪಕ್ಕದಲ್ಲೇ ಸತ್ತನು. ಇಂಥ ಅನಾಹುತಗಳಿಂದಲೇ ನಳಿಕೆಯನ್ನು ಮಾರುವ ಮೊದಲು ಪರೀಕ್ಷಿಸಬೇಕೆಂಬ ನಿಯಮ ಬೆಳೆಯಿತು. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ 1637ರಲ್ಲಿ ರಾಜಸನ್ನದು ದೊರೆಯಿತು. 1813ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಇನ್ನೊಂದು ಪರೀಕ್ಷಾ ಮಂದಿರ ಸ್ಥಾಪನೆಯಾಯಿತು. ಬಳಕೆಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ನಳಿಕೆ ತಡೆದುಕೊಂಡರೆ ಮಾತ್ರ ಅದರ ಮೇಲೆ ಮುದ್ರೆ ಒತ್ತುತ್ತಾರೆ. ಇಂಗ್ಲೆಂಡಿನಲ್ಲಿ ಹಾರಿಸುವ ಕಿರುಫಿರಂಗಿಗೂ ಈ ಪರೀಕ್ಷೆ ಇದೆ. ಫಿರಂಗಿಗೆ ಒಂದು ಪರವಾನಗಿ, ಮದ್ದು ಇಟ್ಟುಕೊಳ್ಳಲು ಬೇರೊಂದು. ಅಮೆರಿಕದಲ್ಲಿ 1968ರ ಕೇಂದ್ರ ಕಾನೂನು ಬಾಯಿಯಿಂದ ಮದ್ದು ತುಂಬುವ ಹಳೆಯ ಮಾದರಿಗಳಿಗೆ ವಿನಾಯಿತಿ ನೀಡಿದೆ. ಆದರೂ ಕ್ರಮಬದ್ಧ ಸಂಘಗಳು ತಮ್ಮದೇ ಕಟ್ಟುನಿಟ್ಟಿನ ನಿಯಮಗಳನ್ನು ಹಾಕಿಕೊಂಡಿವೆ.

ಕೈಗಳ ಶಿಸ್ತು

ಕಿರುಫಿರಂಗಿ ಹಾರಿಸುವುದನ್ನು ನೋಡಿದರೆ ಹೆಚ್ಚಿನ ಸಮಯ ಏನೂ ಹಾರುವುದಿಲ್ಲ, ಸಿದ್ಧತೆಯೇ ನಡೆಯುತ್ತಿರುತ್ತದೆ. ಮೊದಲು ತಿರುಪಿನಂಥ ಮೊನೆಯ ಕೋಲಿನಿಂದ ಹಿಂದಿನ ಪೊಟ್ಟಣದ ಚೂರುಗಳನ್ನು ಹೊರತೆಗೆಯುತ್ತಾರೆ. ಒದ್ದೆ ಬಟ್ಟೆ ಸುತ್ತಿದ ಕೋಲಿನಿಂದ ಒಳಗಿನ ಕಿಡಿ ಆರಿಸುತ್ತಾರೆ. ಒಣ ಬಟ್ಟೆಯಿಂದ ಒರೆಸುತ್ತಾರೆ. ಈ ಹೊತ್ತಿನಲ್ಲಿ ಇನ್ನೊಬ್ಬನು ಬತ್ತಿರಂಧ್ರವನ್ನು ಚರ್ಮದ ಬೆರಳುಚೀಲ ತೊಟ್ಟ ಹೆಬ್ಬೆರಳಿನಿಂದ ಮುಚ್ಚಿರಬೇಕು. ಇಲ್ಲದಿದ್ದರೆ ಗಾಳಿ ನುಗ್ಗಿ ಅಡಗಿದ ಕಿಡಿ ಕೆರಳಬಹುದು. ಮದ್ದನ್ನು ಪೊಟ್ಟಣದಲ್ಲಿ ಮೊದಲೇ ಅಳೆದು ಕಟ್ಟಿರುತ್ತಾರೆ. ಮದ್ದಿನ ಪೆಟ್ಟಿಗೆ ದೂರದಲ್ಲಿ, ಮುಚ್ಚಳ ಹಾಕಿಕೊಂಡೇ ಇರುತ್ತದೆ. ಪೊಟ್ಟಣ ತಳ್ಳುವವನು ನಳಿಕೆಯ ಬಾಯಿಗೆ ಎದುರಾಗಿ ನಿಲ್ಲುವುದಿಲ್ಲ; ಪಕ್ಕಕ್ಕೆ ನಿಲ್ಲುತ್ತಾನೆ. ಹೊತ್ತಿಸಿದ ಮೇಲೂ ಸಿಡಿಯದಿದ್ದರೆ ಯಾರೂ ಹತ್ತಿರ ಸುಳಿಯುವಂತಿಲ್ಲ. ನಿಗದಿಯಾದಷ್ಟು ಹೊತ್ತು ಕಾದೇ ಕಾಯಬೇಕು.

ಈ ಕ್ರಮವನ್ನು ಯಾವ ವಿಜ್ಞಾನಿಯೂ ಒಂದೇ ದಿನದಲ್ಲಿ ಬರೆದದ್ದಲ್ಲ. ಒಂದೊಂದು ನಿಯಮದ ಹಿಂದೆಯೂ ಕೈ ಕಳೆದುಕೊಂಡ, ಕಣ್ಣು ಕಳೆದುಕೊಂಡ ಹೆಸರಿಲ್ಲದ ಸೈನಿಕರಿದ್ದಾರೆ. ಹವ್ಯಾಸಿಯು ಸಣ್ಣ ತೋಪಿನ ಎದುರು ಅದೇ ಕ್ರಮವನ್ನು ಪಾಲಿಸುವಾಗ, ಪುಸ್ತಕ ಓದಿ ತಿಳಿಯಲಾಗದ ಹಳೆಯ ಕಾಲದ ಕೈಕೆಲಸ ಅವನಿಗೆ ಅರ್ಥವಾಗುತ್ತದೆ.

ಇದೇ ಕ್ರಮವನ್ನು ನೋಡಲು ನಾವು ವಿದೇಶಕ್ಕೆ ಹೋಗಬೇಕಾಗಿಲ್ಲ. ಮೈಸೂರು ದಸರಾದ ಜಂಬೂ ಸವಾರಿಯ ದಿನ ಏಳು ಹಳೆಯ ಫಿರಂಗಿಗಳಿಂದ 21 ಕುಶಾಲತೋಪು ಹಾರಿಸುತ್ತಾರೆ. ರಾಷ್ಟ್ರಗೀತೆ ಮುಗಿಯುವುದರೊಳಗೆ 21 ಸುತ್ತು ಮುಗಿಯಬೇಕು. ಅದಕ್ಕಾಗಿ ಪೊಲೀಸ್ ಸಶಸ್ತ್ರ ಮೀಸಲು ಪಡೆಯವರು ಮುಂಚಿತವಾಗಿ ತಾಲೀಮು ಮಾಡುತ್ತಾರೆ. ಸದ್ದಿಗೆ ಬೆದರದಂತೆ ಆನೆ ಕುದುರೆಗಳಿಗೂ ತಾಲೀಮು ನಡೆಯುತ್ತದೆ.

ಹೊತ್ತು ಸಾರಿದ ಸಣ್ಣ ತೋಪುಗಳು

ತೋಪು ಯುದ್ಧಕ್ಕೆ ಮಾತ್ರ ಬಳಕೆಯಾದದ್ದಲ್ಲ. ಕೈಗಡಿಯಾರ ಇಲ್ಲದ ಕಾಲದಲ್ಲಿ ಊರಿಗೆಲ್ಲ ಹೊತ್ತು ತಿಳಿಸುತ್ತಿದ್ದುದು ತೋಪಿನ ಸದ್ದು. ಪ್ಯಾರಿಸ್ಸಿನ ಪಾಲೆ ರಾಯಲ್ ಉದ್ಯಾನದಲ್ಲಿ 1786ರಲ್ಲಿ ಒಂದು ಪುಟ್ಟ ಕಂಚಿನ ತೋಪನ್ನು ಇಟ್ಟರು. ಅದರ ಮೇಲೆ ಒಂದು ಭೂತಗನ್ನಡಿ. ಸೂರ್ಯ ನೆತ್ತಿಗೆ ಬಂದಾಗ ಕಿರಣಗಳು ಬತ್ತಿಯ ಮೇಲೆ ಕೇಂದ್ರೀಕರಿಸಿ ತೋಪು ತಾನಾಗಿಯೇ ಹಾರುತ್ತಿತ್ತು. ನಗರದವರು ಆ ಸದ್ದಿಗೆ ತಮ್ಮ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರು. ಆ ತೋಪು 1998ರಲ್ಲಿ ಕಳುವಾಯಿತು. ನಂತರ ಅದರ ಜಾಗದಲ್ಲಿ ಪ್ರತಿಕೃತಿಯೊಂದನ್ನು ಇರಿಸಲಾಯಿತು.

ನಮ್ಮ ದೇಶದಲ್ಲಿ ಮಧ್ಯಪ್ರದೇಶದ ರಾಯ್ಸೇನ್ ಕೋಟೆಯ ಉದಾಹರಣೆ ಇದೆ. ಭೋಪಾಲಿನ ನವಾಬರ ಕಾಲದಿಂದ ಬಂದ ಪದ್ಧತಿಯಂತೆ ಅಲ್ಲಿ ರಮಝಾನ್ ತಿಂಗಳಲ್ಲಿ ಸಹರಿ ಮತ್ತು ಇಫ್ತಾರ್ ಸಮಯವನ್ನು ಕೋಟೆಯ ಮೇಲಿನ ತೋಪು ಹಾರಿಸಿ ಸುತ್ತಲಿನ ಹಳ್ಳಿಗಳಿಗೆ ತಿಳಿಸುತ್ತಾರೆ. ಜಿಲ್ಲಾಡಳಿತವು ಆ ಒಂದು ತಿಂಗಳಿಗೆ ಪರವಾನಗಿ ಕೊಡುತ್ತದೆ. ಮೊದಲು ದೊಡ್ಡ ತೋಪು ಹಾರಿಸುತ್ತಿದ್ದರು. ಅದರ ಅದುರಿಗೆ ಕೋಟೆಗೆ ಧಕ್ಕೆಯಾದೀತೆಂದು ನಂತರ ಸಣ್ಣ ತೋಪು ಬಳಕೆಗೆ ಬಂತು. ಸಂಪ್ರದಾಯವನ್ನೂ ಉಳಿಸಿ, ಸ್ಮಾರಕವನ್ನೂ ಉಳಿಸಿದ ಈ ವಿವೇಕ ಮೆಚ್ಚತಕ್ಕದ್ದು.

ಅಳೆದವರ ಪಾಲಾದ ಮೈಸೂರಿನ ರಾಕೆಟ್

ಈಗ ವೂಲಿಚ್‌ನ ವಿಷಯಕ್ಕೆ ಬರೋಣ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಮೈಸೂರಿನ ಕುಶಲಕರ್ಮಿಗಳು ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಬಿದಿರಿಗೆ ಕಟ್ಟಿ ಹಾರಿಸುವ ರಾಕೆಟ್‌ಗಳನ್ನು ತಯಾರಿಸುತ್ತಿದ್ದರು. ಕಾಗದ ಅಥವಾ ರಟ್ಟಿನ ಕೊಳವೆಗಿಂತ ಕಬ್ಬಿಣದ ಕೊಳವೆ ಹೆಚ್ಚಿನ ಒತ್ತಡ ತಾಳುತ್ತಿತ್ತು. ಆದ್ದರಿಂದ ಅವು ಬಹುದೂರ ಹೋಗುತ್ತಿದ್ದವು. 1780ರ ಪೊಲ್ಲಿಲೂರು ಯುದ್ಧದಲ್ಲಿ ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದು ಬೇಲಿಯ ಪಡೆ ನಾಶವಾದದ್ದು ಪ್ರಸಿದ್ಧವಾಗಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ರಾಕೆಟ್‌ಗಳು ಇಂಗ್ಲೆಂಡಿಗೆ ಸಾಗಿದವು. ವೂಲಿಚ್‌ನ ಭಂಡಾರವನ್ನು ಸ್ಥಾಪಿಸಿದ ಕಾಂಗ್ರೀವನ ಮಗ, ಅದೇ ಹೆಸರಿನ ವಿಲಿಯಂ ಕಾಂಗ್ರೀವ್, ರಾಕೆಟ್‌ಗಳನ್ನು ಮಾಡಿ, ಹಾರಿಸಿ, ದೂರ ಅಳೆದು, ದೋಷ ತಿದ್ದಿ, ಫಲಿತಾಂಶಗಳನ್ನು ಅಚ್ಚು ಹಾಕಿಸಿದನು. 1806ರಲ್ಲಿ ಬುಲೋನ್ ಮೇಲೆ, 1807ರಲ್ಲಿ ಕೋಪನ್‌ಹೇಗನ್ ಮೇಲೆ, 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಮೇಲೆ ಅವು ಹಾರಿದವು. ಅಂದಿನಿಂದ ಅವು ಕಾಂಗ್ರೀವ್ ರಾಕೆಟ್‌ಗಳಾದವು. ಮೈಸೂರಿನ ಕಮ್ಮಾರರ ಹೆಸರು ಎಲ್ಲಿಯೂ ಉಳಿಯಲಿಲ್ಲ.

ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ಬಗ್ಗೆ ಒಂದು ಪ್ರಬಂಧ ಬರೆದು ಈ ಇತಿಹಾಸವನ್ನು ಬೆಳಕಿಗೆ ತಂದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳುಬಾವಿಯನ್ನು ಅಗೆದಾಗ 1000ಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ಸಾಮರ್ಥ್ಯ ನಮ್ಮಲ್ಲಿ ಇತ್ತು. ಅದನ್ನು ಅಳೆದು, ಬರೆದು, ಮುಂದಿನ ತಲೆಮಾರಿಗೆ ಪಾಠವಾಗಿ ಕೊಡುವ ವ್ಯವಸ್ಥೆ ಇರಲಿಲ್ಲ. ಮಾಡಿದವರ ವಿದ್ಯೆ ಅವರ ಕೈಗಳೊಂದಿಗೇ ಮಣ್ಣಾಯಿತು. ಅಳೆದವರ ವಿದ್ಯೆ ಪುಸ್ತಕವಾಯಿತು.

ಸದ್ದೇ ಬೇರೆ, ವಿದ್ಯೆಯೇ ಬೇರೆ

ಈ ವ್ಯತ್ಯಾಸ ಇಂದಿಗೂ ಜೀವಂತವಾಗಿದೆ. ಅಮೆರಿಕದಲ್ಲಿ ಜುಲೈ 4ರ ಸ್ವಾತಂತ್ರ್ಯ ದಿನದ ಪಟಾಕಿಗಳಿಂದ ಮಕ್ಕಳು ಗಾಯಗೊಳ್ಳುತ್ತಿದ್ದ ಕಾಲದಲ್ಲಿ, ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಅಧ್ಯಾಪಕರೊಬ್ಬರು 1907ರಲ್ಲಿ ಒಂದು ಆಟಿಕೆ ಫಿರಂಗಿಗೆ ಪೇಟೆಂಟ್ ಪಡೆದರು. ಅದರಲ್ಲಿ ಮದ್ದು ಇಲ್ಲ. ಕ್ಯಾಲ್ಸಿಯಂ ಕಾರ್ಬೈಡ್ ಮತ್ತು ನೀರಿನಿಂದ ಹುಟ್ಟುವ ಅನಿಲದ ಸದ್ದು ಮಾತ್ರ. ಗಟ್ಟಿ ಲೋಹದ ನಳಿಕೆ, ಚಿಟಿಕೆಯಷ್ಟು ಮಾತ್ರ ಕಾರ್ಬೈಡ್ ಬೀಳುವ ಏರ್ಪಾಡು, ಗುಂಡು ಇಲ್ಲ. ಮಕ್ಕಳ ಕಣ್ಣು ಉಳಿಸಲು ಹುಟ್ಟಿದ ಆಟಿಕೆ ಅದು.

2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದೇ ಕಾರ್ಬೈಡ್ ಏನು ಮಾಡಿತೆಂದು ಪತ್ರಿಕೆಗಳಲ್ಲಿ ಓದಿದ್ದೇವೆ. ಪ್ಲಾಸ್ಟಿಕ್ ಕೊಳವೆಯಿಂದ ಮಾಡಿದ ಅಗ್ಗದ ಕಾರ್ಬೈಡ್ ಗನ್‌ಗಳನ್ನು ಬೀದಿಯಲ್ಲಿ ಆಟಿಕೆಯೆಂದು ಮಾರಿದರು. ಅಳತೆ ಇಲ್ಲ, ಪರೀಕ್ಷೆ ಇಲ್ಲ, ಮುದ್ರೆ ಇಲ್ಲ. ನೂರಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹಳಷ್ಟು ಮಕ್ಕಳು, ಕಣ್ಣಿಗೆ ಗಾಯ ಮಾಡಿಕೊಂಡು ಆಸ್ಪತ್ರೆ ಸೇರಿದರು. ಕೆಲವರ ದೃಷ್ಟಿಯೇ ಹೋಯಿತು. ರಸಾಯನ ಒಂದೇ. ಒಂದರ ಹಿಂದೆ ಒಬ್ಬ ಅಧ್ಯಾಪಕನ ಲೆಕ್ಕಾಚಾರ ಇತ್ತು, ಇನ್ನೊಂದರ ಹಿಂದೆ ಸದ್ದಿನ ಆಸೆ ಮಾತ್ರ ಇತ್ತು.

ನಮ್ಮ ವಿದ್ಯಾರ್ಥಿಗಳು ಫಿರಂಗಿ ಹಾರಿಸಬೇಕೆಂದು ಈ ಲೇಖನದ ಆಶಯವಲ್ಲ. 1884ರ ಸ್ಫೋಟಕ ಕಾಯ್ದೆ ಮತ್ತು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದು ತಯಾರಿಸುವುದು, ಹಾರಿಸುವುದು ಅಪರಾಧ, ಜೀವಕ್ಕೂ ಅಪಾಯ. ಆದರೆ ಈ ಹವ್ಯಾಸದ ಅತ್ಯುತ್ತಮ ಭಾಗಕ್ಕೆ ಮದ್ದೇ ಬೇಕಾಗಿಲ್ಲ. ವಿಜಯಪುರ, ಬೀದರ್, ಕಲಬುರಗಿ, ಶ್ರೀರಂಗಪಟ್ಟಣ ಮುಂತಾದ ಊರುಗಳಿಗೆ ಹೋದಾಗ ತೋಪಿನ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವ ಬದಲು, ಸಂಬಂಧಪಟ್ಟವರ ಅನುಮತಿ ಪಡೆದು ಅಳತೆ ಟೇಪು ಹಿಡಿಯಬಹುದು. ಉದ್ದ, ಬಾಯಿಯ ಅಗಲ, ಗೋಡೆಯ ದಪ್ಪ ಬರೆದುಕೊಂಡು ಶಾಲೆಯಲ್ಲಿ ಮರ ಅಥವಾ ಜೇಡಿಮಣ್ಣಿನಿಂದ ಹತ್ತನೇ ಒಂದು ಅಳತೆಯ ಮಾದರಿ ಮಾಡಬಹುದು. ದಖ್ಖನಿನ ಅನೇಕ ತೋಪುಗಳ ಮೇಲೆ ಪಾರ್ಸಿ ಲಿಪಿಯಲ್ಲಿ ತಯಾರಕನ ಹೆಸರು, ಹಿಜರಿ ವರ್ಷ ಕೆತ್ತಿರುತ್ತದೆ. ಉರ್ದು ಬಲ್ಲ ನಮ್ಮ ಮಕ್ಕಳು ಹಿರಿಯರ ಸಹಾಯದಿಂದ ಅದನ್ನು ಓದಿ ಕನ್ನಡದಲ್ಲಿ ಬರೆದಿಡಬಹುದು. ಮಲಿಕ್-ಎ-ಮೈದಾನ್ ತೋಪಿನ ಉಸ್ತಾದನ ಹೆಸರು ನಮಗೆ ಗೊತ್ತಿರುವುದು ಅದನ್ನು ಲೋಹದಲ್ಲಿ ಕೆತ್ತಿಟ್ಟದ್ದರಿಂದ. ಮೈಸೂರಿನ ರಾಕೆಟ್ ಕಮ್ಮಾರರಿಗೆ ಆ ಭಾಗ್ಯ ಸಿಗಲಿಲ್ಲ.

ಗಣಿತ, ಇತಿಹಾಸ, ಭಾಷೆ, ಕೈಕೆಲಸ ನಾಲ್ಕೂ ಸೇರುವ ಇಂಥ ಪಾಠ ಬೇರೆ ಕಡೆ ಸುಲಭವಾಗಿ ಸಿಗದು. ಒಂದು ಟೇಪು, ಒಂದು ನೋಟ್‌ಬುಕ್, ದಾರಿ ತೋರುವ ಒಬ್ಬ ಅಧ್ಯಾಪಕರು ಇದ್ದರೆ ಸಾಕು. ಮುಂದಿನ ಶಾಲಾ ಪ್ರವಾಸದ ಪಟ್ಟಿ ತಯಾರಿಸುವಾಗ ನಮ್ಮ ಶಿಕ್ಷಕರು ಇದನ್ನು ಗಮನಿಸಲಿ.